ನಲವತ್ತಮೂರು ದಳವಾಯಿಗಳ ದಂಡು

ಸಿಡಿಲಗುಡ್ಡದ ದಳವಾಯಿ ಮುದ್ದಹನುಮ ಎರಡು ಸಾವಿರ ಆಳುಗಳೊಡನೆ ನಮ್ಮ ಕಣಿವೆಹಾಳು ಕೋಟೆಯ ಮುಂದೆ ಬಂದು ಬೀಡುಬಿಟ್ಟಾಗ ದೊರೆ ಮಲ್ಲೋಬನಾಯಕರು ಊಟಕ್ಕೆ ಕೂತಿದ್ದರು. ಸಾರನ್ನ ಕಲಸುವಷ್ಟರಲ್ಲಿ ಅವನ ಓಲೆ ಬಂತು.

"ನಾಳೆ ಹೊತ್ತು ನೆತ್ತಿಗೇರುವುದರೊಳಗೆ ಕೋಟೆ ಬಿಟ್ಟುಕೊಡಿ. ಇಲ್ಲವಾದರೆ ನುಗ್ಗುತ್ತೇನೆ. ನಿಮ್ಮ ದಂಡಿನವರು ಹೆದರಬೇಕಾಗಿಲ್ಲ. ಸೋತ ದಂಡನ್ನು ಪದವಿ ಸಮೇತ ಗೆದ್ದವನ ದಂಡಿಗೆ ಸೇರಿಸಿಕೊಳ್ಳುವುದು ಪದ್ಧತಿ. ಒಬ್ಬನ ಪದವಿಯನ್ನೂ ನಾನು ಇಳಿಸುವುದಿಲ್ಲ."

ನಮ್ಮವರು ಕತ್ತಿ ಕೆಳಗಿಡಲಿ ಎಂದು ತೋರಿಸಿದ ಬೆಲ್ಲ ಅದು. ದೊರೆಗಳು ಎಲೆ ಸರಿಸಿ, ದಂಡಿನ ಕರಣಿಕ ಅಪ್ರಮೇಯಯ್ಯನನ್ನು ಕರೆಸಿದರು.

ಈ ಅಪ್ರಮೇಯಯ್ಯ ನನ್ನ ಮುತ್ತಜ್ಜನ ಮುತ್ತಜ್ಜ. ದಂಡಿನ ಚರಿತ್ರೆ ಬರೆಯುವುದು ನಮ್ಮ ಮನೆತನದ ಕೆಲಸ. ಕತ್ತಿ ಮುಟ್ಟುತ್ತಿದ್ದುದು ವರ್ಷಕ್ಕೊಮ್ಮೆ, ಆಯುಧಪೂಜೆಗೆ ಕುಂಕುಮ ಹಚ್ಚುವಾಗ. ಅದೂ ಹಿಡಿಯ ಕಡೆಗೆ ಮಾತ್ರ.

"ಅಯ್ಯನವರೇ, ನಮ್ಮ ದಂಡು ಎಷ್ಟಿದೆ?" ಎಂದು ದೊರೆಗಳು ಕೇಳಿದರು.

"ದಳವಾಯಿಗಳು ನಲವತ್ತಮೂರು, ಮಹಾಸ್ವಾಮಿ."

"ಸಿಪಾಯಿಗಳು?"

"ಒಬ್ಬ. ಸಣ್ಣೀರ."

ಇಂಥ ದಂಡು ಹೇಗೆ ಹುಟ್ಟಿತು ಎಂದು ಹೇಳಿಬಿಡುತ್ತೇನೆ, ನಾಚಿಕೆ ಪಟ್ಟು ಪ್ರಯೋಜನವಿಲ್ಲ. ಯುದ್ಧದಿಂದ ಜೀವಂತ ಬಂದವನಿಗೆಲ್ಲ ಒಂದು ಮೆಟ್ಟಿಲು ಬಡ್ತಿ ಎಂದು ಈಗಿನ ದೊರೆಗಳ ತಂದೆ ನಿಯಮ ಮಾಡಿದ್ದರು. ಮೊದಲನೆಯ ಯುದ್ಧದಲ್ಲಿ ಶತ್ರು ಹಳ್ಳ ದಾಟುವ ಮೊದಲೇ ನಮ್ಮವರು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದರು. ಒಬ್ಬನಿಗೂ ತರಚು ಗಾಯವಿಲ್ಲ. ಹಿರಿಯ ದೊರೆಗಳು ಆನಂದಬಾಷ್ಪ ಸುರಿಸಿ ಎಲ್ಲರನ್ನೂ ಹತ್ತಾಳಿನ ನಾಯಕರನ್ನಾಗಿ ಮಾಡಿದರು. ಎರಡನೆಯ ಯುದ್ಧದಲ್ಲಿ ಬೆಳಗಿನ ತಿಂಡಿಗೇ ಬಂದರು. ಎಲ್ಲರೂ ನೂರಾಳಿನ ನಾಯಕರಾದರು. ಮೂರನೆಯದರಲ್ಲಿ ಶತ್ರು ಯಾರೆಂದು ಇವತ್ತಿಗೂ ತಿಳಿದಿಲ್ಲ, ನೋಡುವುದಕ್ಕೆ ಯಾರೂ ನಿಂತಿರಲಿಲ್ಲ. ಎಲ್ಲರೂ ದಳವಾಯಿಗಳಾದರು.

ಸಣ್ಣೀರ ಮಾತ್ರ ಪ್ರತಿ ಸಲವೂ ದಂಡಿನ ಅಡುಗೆ ಕೊಪ್ಪರಿಗೆಯನ್ನು ಬಿಟ್ಟು ಬರಲಾರದೆ, ಎತ್ತಿನ ಮೇಲೆ ಹೇರಿಕೊಂಡು ಎರಡು ದಿನ ತಡವಾಗಿ ಬರುತ್ತಿದ್ದ. ಅಷ್ಟರಲ್ಲಿ ಬಡ್ತಿಯ ಸಮಾರಂಭ ಮುಗಿದಿರುತ್ತಿತ್ತು.

ಮೂರೂ ಯುದ್ಧಗಳ ಬಗ್ಗೆ ನಮ್ಮ ಅಪ್ರಮೇಯಯ್ಯ "ದಂಡು ಸುಖವಾಗಿ ಹಿಂದಿರುಗಿತು" ಎಂದು ಬರೆದಿದ್ದಾನೆ. ಸುಳ್ಳೇನಲ್ಲ.

"ನಾಳೆ ಇಷ್ಟು ಹೊತ್ತಿಗೆ ನಾನು ಊರಿಲ್ಲದವನು," ಎಂದರು ದೊರೆಗಳು. ಒಳ್ಳೆಯ ಮನುಷ್ಯ, ನೋಡಲು ಸಂಕಟವಾಗುತ್ತಿತ್ತಂತೆ.

"ಮೊದಲು ಊಟ ಮುಗಿಸಿ, ಮಹಾಸ್ವಾಮಿ. ನಮ್ಮ ಹತ್ತಿರ ದಂಡಿಲ್ಲದಿದ್ದರೂ ದಂಡಿನ ಚರಿತ್ರೆ ಇದೆ," ಎಂದ ಅಪ್ರಮೇಯಯ್ಯ.

ಮರುದಿನ ಬೆಳಿಗ್ಗೆ ಚರಿತ್ರೆಯ ಕಡತವನ್ನು ಸಣ್ಣೀರನ ತಲೆಯ ಮೇಲೆ ಹೊರಿಸಿಕೊಂಡು ಅವನು ಶತ್ರುವಿನ ಬೀಡಿಗೆ ನಡೆದ. ಕಾಲು ನಡುಗುತ್ತಿತ್ತಂತೆ. ನಮ್ಮ ವಂಶದಲ್ಲಿ ಎಲ್ಲರಿಗೂ ನಡುಗುತ್ತದೆ.

ಮುದ್ದಹನುಮ ಮೀಸೆ ತಿರುವುತ್ತ ಕೇಳಿದ, "ಇವನು ಯಾರು? ನಿಮ್ಮ ದಳವಾಯಿಯೋ?"

"ನಾನು ಸಿಪಾಯಿ, ಬುದ್ಧಿ. ನಾನೊಬ್ನೇ ಇರೋದು," ಎಂದ ಸಣ್ಣೀರ.

ಅಪ್ರಮೇಯಯ್ಯ ಕೈಮುಗಿದ. "ಸ್ವಾಮಿ, ನಮ್ಮವರು ಶರಣಾಗಲು ಸಿದ್ಧ. ಪದವಿ ಹೋದೀತು ಅನ್ನೋ ಭಯ ಒಂದೇ. ತಾವು ತಮ್ಮ ಸೈನಿಕರೆದುರು ಕತ್ತಿ ಮುಟ್ಟಿ ಆಣೆ ಮಾಡಿದರೆ ಕೋಟೆ ಬಾಗಿಲು ತೆಗೀತಾರೆ."

"ಅಷ್ಟೇ ತಾನೆ?" ಮುದ್ದಹನುಮ ಎರಡು ಸಾವಿರ ಜನರೆದುರು ಕತ್ತಿ ಮುಟ್ಟಿದ. "ಒಬ್ಬನ ಪದವಿಯನ್ನೂ, ಹಿರಿತನವನ್ನೂ ಇಳಿಸುವುದಿಲ್ಲ."

ಅಪ್ರಮೇಯಯ್ಯ ಕಡತ ಬಿಚ್ಚಿ ಓದತೊಡಗಿದ. "ಒಂದನೆಯ ದಳವಾಯಿ ಹೊನ್ನಗಿರಿಯಪ್ಪ, ಪದವಿ ಬಂದು ಇಪ್ಪತ್ತೆರಡು ವರ್ಷ. ಎರಡನೆಯ ದಳವಾಯಿ ಸಿದ್ದಬಸವ, ಅದೇ ದಿನ. ಮೂರನೆಯ ದಳವಾಯಿ ಪುಟ್ಟಮಾದ, ಅದೇ ದಿನ..."

ಒಂಬತ್ತನೆಯ ಹೆಸರಿಗೆ ಮುದ್ದಹನುಮನ ಕೈ ಮೀಸೆ ಬಿಟ್ಟಿತು. "ಎಷ್ಟು ಜನರಯ್ಯಾ ದಳವಾಯಿಗಳು?"

"ನಲವತ್ತಮೂರು. ತಮಗೆ ಪದವಿ ಬಂದದ್ದು ಯಾವಾಗ, ಸ್ವಾಮಿ?"

"ಹೋದ ದಸರೆಗೆ."

"ತಮ್ಮ ದಂಡಿನಲ್ಲೂ ಹಿರಿತನ ಎಣಿಸುವುದು ಪದವಿ ಬಂದ ದಿನದಿಂದ ತಾನೆ?"

ಮುದ್ದಹನುಮ ಹೌದೆಂದು ತಲೆಯಾಡಿಸಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಹಾಗಿದ್ದರೆ ಗೆದ್ದ ಮೇಲೆ ತಾವು ನಲವತ್ತನಾಲ್ಕನೆಯವರು. ನಲವತ್ತಮೂರು ಜನ ಉಂಡೆದ್ದ ಮೇಲೆ ತಮ್ಮ ಎಲೆ. ಈ ಎರಡು ಸಾವಿರ ಆಳುಗಳಿಗೆ ಅಪ್ಪಣೆ ಕೊಡುವವರು ಹೊನ್ನಗಿರಿಯಪ್ಪನವರು. ಅವರ ಅಪ್ಪಣೆ ಯಾವಾಗಲೂ ಒಂದೇ, ಮನೆಗೆ ನಡೀರಿ ಅಂತ. ಅದನ್ನು ಎಲ್ಲರಿಗಿಂತ ಮೊದಲು ಪಾಲಿಸುವವರೂ ಅವರೇ."

ಈಗ ಎರಡು ಸಾವಿರ ಜನರೂ ನಕ್ಕರು. ಮುದ್ದಹನುಮ ಮೆಲ್ಲಗೆ ಅಂದ, "ಆಣೆ ಮಾಡಿಬಿಟ್ಟೆನಲ್ಲಯ್ಯ."

"ಗೆದ್ದರೆ ತಾನೆ ಆಣೆ, ಸ್ವಾಮಿ? ಗೆಲ್ಲದೆ ಹೊರಟರೆ ಇವತ್ತಿಗೂ ತಾವೇ ಒಂದನೆಯವರು."

ಹೊತ್ತು ನೆತ್ತಿಗೇರುವುದರೊಳಗೆ ಬಯಲು ಖಾಲಿಯಾಗಿತ್ತು. ನಮ್ಮ ನಲವತ್ತಮೂರು ದಳವಾಯಿಗಳೂ ಕೋಟೆಯ ಮೇಲೆ ನಿಂತು, ಓಡುವವರ ನಡಿಗೆಯಲ್ಲಿ ತಪ್ಪು ಹುಡುಕುತ್ತಿದ್ದರು. ಆ ವಿಷಯದಲ್ಲಿ ಅವರು ಬಲ್ಲವರು.

ದೊರೆಗಳು ಅಪ್ರಮೇಯಯ್ಯನನ್ನು ಅಪ್ಪಿಕೊಂಡರು. "ಅಯ್ಯನವರೇ, ನನ್ನ ಊರು ಉಳಿಸಿಕೊಟ್ಟಿರಿ. ಇವತ್ತಿನಿಂದ ನೀವು ನಲವತ್ತನಾಲ್ಕನೆಯ ದಳವಾಯಿ."

"ಅದೊಂದು ಬೇಡ, ಮಹಾಸ್ವಾಮಿ. ಕೊಡುವುದಾದರೆ ಸಣ್ಣೀರನ ಪಕ್ಕದಲ್ಲಿ ಸಿಪಾಯಿ ಕೆಲಸ ಕೊಡಿ."

"ಬರೆಯುವ ಕೈ ನಿಮ್ಮದು. ನಿಮಗೆ ಯಾಕೆ ಸಿಪಾಯಿ ಕೆಲಸ?"

"ನಾನೊಬ್ಬ ಸೇರಿದರೆ ನಮ್ಮ ದಂಡು ಇವತ್ತೇ ಎರಡರಷ್ಟಾಗುತ್ತದೆ."

ದೊರೆಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ರಮೇಯಯ್ಯನಿಗೆ ಕೇಳಿದ ಕೆಲಸ ಕೊಟ್ಟು, ಕೈಯ ಕಡಗ ತೆಗೆದು ತೊಡಿಸಿದರು, ಮೈಮೇಲಿನ ಶಾಲು ತೆಗೆದು ಸಣ್ಣೀರನಿಗೆ ಹೊದಿಸಿದರು. ಬಡ್ತಿಯ ನಿಯಮವನ್ನು ಅಂದೇ ಎತ್ತಿಹಾಕಿದರು.

ಹಾಗೆ ನಮ್ಮದು ಸಿಪಾಯಿಗಳ ಮನೆತನವಾಯಿತು. ಓಡುವುದರಲ್ಲಿ ನಾನೂ ಯಾರಿಗೂ ಕಡಿಮೆಯಿಲ್ಲ, ಆದರೆ ಆ ಬಡ್ತಿಯ ಕಾಲಕ್ಕೆ ಹುಟ್ಟಿದ್ದು ತಡವಾಯಿತು.