ಹೊಸ ಗಾಡಿಯ ಮೊದಲ ರೌಂಡು

ನಮ್ಮ ಸಿಮೆಂಟ್ ಅಂಗಡಿಯ ಸಾಹುಕಾರ್ ಮರಿಬಸಪ್ಪನವರು ಮಹಾ ಇಂಜಿನಿಯರ್ರು. ಅವರ ಹಳೇ ಪಿಕಪ್‌ನ ಭಾರವೆಲ್ಲ ಹೊರುವ ಅಡಿಯ ಚಾಸಿ ತುಕ್ಕು ಹಿಡಿದು, ಬೆರಳಿಟ್ಟರೆ ತೂತಾಗುತ್ತಿತ್ತು. ಅದಕ್ಕೆ ಅವರು ಕಂಡುಹಿಡಿದ ಔಷಧಿ ಒಂದು ಡಬ್ಬ ಕರಿ ಪೇಂಟು.

"ಈಗ ಹೊಸ ಗಾಡಿ! ಲೋಡ್ ಹಾಕ್ಕೊಂಡು ಘಾಟಿ ಹತ್ತು. ಆಗಲ್ಲ ಅಂದ್ರೆ ಕೆಲಸ ಬಿಡು," ಎಂದು ಡ್ರೈವರನಿಗೆ ಗದರಿದರು.

"ಹೊಸ ಗಾಡಿ ಅಂದ್ಮೇಲೆ ಪೂಜೆ ಆಗ್ಬೇಕಲ್ಲ, ಸಾಹುಕಾರ್ರೇ," ಎಂದ ಡ್ರೈವರ್. ಹಾರ ಹಾಕಿದ, ಚಕ್ರದಡಿ ನಿಂಬೆಹಣ್ಣಿಟ್ಟ. ಆಮೇಲೆ ಅಂಗಡಿಯ ಹಿಂದಿದ್ದ ಸಾಹುಕಾರರ ಮನೆಯ ಕಡೆ ತಿರುಗಿ ಕೂಗಿದ: "ಅಮ್ಮಾವ್ರೇ, ಮೊದಲ ರೌಂಡು ಮನೆಯವರದ್ದು. ಘಾಟಿ ಮೇಲಿನ ದೇವಸ್ಥಾನಕ್ಕೇ ಹೋಗೋಣ!"

ಸಾಹುಕಾರರ ಹೆಂಡತಿ ಸಂಭ್ರಮದಿಂದ ಮಕ್ಕಳನ್ನು ಹಿಂದೆ ಹತ್ತಿಸಿದರು.

"ಇಳೀರೇ! ಚಾಸಿ ಮುರಿಯುತ್ತೆ!" ಸಾಹುಕಾರರು ಬಾಯಿ ಬಡಿದುಕೊಂಡರು.

"ಮತ್ತೆ ಇವನನ್ನ ಯಾಕ್ರೀ ಕಳಿಸ್ತಿದ್ರಿ?" ಎಂದರು ಹೆಂಡತಿ.

"ಬಿಡಿ ಅಮ್ಮಾವ್ರೇ," ಎಂದ ಡ್ರೈವರ್, ಕೈಮುಗಿದು. "ನಾನು ಕೂತ್ರೆ ಮುರಿಯಲ್ವಂತೆ."