ಡಬ್ಬಿಯಲ್ಲಿ ಉಳಿದ ನಟ್ಟು

“ಬುದ್ಧೀ, ನಾವು ಮಾಡಿದ್ದರಿಂದ ಯಾರಿಗೂ ಏನೂ ಕೆಡುಕಾಗಲಿಲ್ಲ ಅನ್ನಿ. ಆಗಲೂ ಅದು ತಪ್ಪೇ?”

ಕೇಳಿದವನು ಮರುಳಯ್ಯ. ಮಠದ ಉಗ್ರಾಣ ಅವನ ಕೈಯಲ್ಲಿತ್ತು. ಗುರುಗಳು ಅವನ ಮುಖ ನೋಡಿದರು.

“ಏನು ಮಾಡಿದೆ?”

“ಏನಿಲ್ಲ ಬುದ್ಧೀ. ಸುಮ್ಮನೆ ಕೇಳಿದೆ.”

“ಸುಮ್ಮನೆ ಕೇಳುವವನು ಎರಡು ದಿನದಿಂದ ಎಲೆ ಮುಂದೆ ಕೂತು ಹಾಗೇ ಎದ್ದು ಹೋಗುವುದಿಲ್ಲ. ಇರಲಿ, ನಾನು ಕೆದಕುವುದಿಲ್ಲ. ಒಂದು ಕತೆ ಹೇಳುತ್ತೇನೆ. ಕಾರಿನ ಕತೆ. ಮಠದಲ್ಲಿ ಕಾರಿನ ಕತೆಯೇ ಎಂದು ಮೂಗು ಮುರಿಯಬೇಡ, ಕತೆಗೆ ಮೈಲಿಗೆಯಿಲ್ಲ. ಮುಗಿಯುವವರೆಗೆ ನಡುವೆ ಬಾಯಿ ಹಾಕಬೇಡ.”

ಮರುಳಯ್ಯ ಕಂಬಕ್ಕೊರಗಿ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಲೈನ್‌ಮ್ಯಾನ್ ಇದ್ದ. ಕರೆಂಟಿನ ಕಂಬ ಹತ್ತುವ ಕೆಲಸ. ಆ ಕೆಲಸದಲ್ಲಿ ಅವಸರದವರು ಬಹಳ ದಿನ ಬಾಳುವುದಿಲ್ಲ. ಇವನು ಇಪ್ಪತ್ತು ವರ್ಷ ಬಾಳಿದ್ದ. ಲೈನು ಬಂದ್ ಆಗಿದೆಯೇ ಎಂದು ಎರಡು ಸಲ ಫೋನು ಮಾಡಿ ಕೇಳದೆ ಏಣಿಗೆ ಕಾಲಿಡುತ್ತಿರಲಿಲ್ಲ. ಜೊತೆಯವರು ‘ಏನಾಗಲ್ಲ, ಹತ್ತಣ್ಣ’ ಎಂದರೆ, ‘ಏನಾಗಲ್ಲ ಅಂದವರ ಫೋಟೋಗಳಿಗೆಲ್ಲ ಹಾರ ಬಿದ್ದಿದೆ’ ಎನ್ನುತ್ತಿದ್ದ. ಅಂಥ ಜಾಗರೂಕ.

ಅವನಿಗೊಂದು ಹುಚ್ಚಿತ್ತು. ಊರಿನ ಹಳೆಯ ಡಾಕ್ಟರ ಹಿತ್ತಿಲಿನಲ್ಲಿ ಅವರ ಕಾಲದ ಒಂದು ಕಾರು ನಿಂತಿತ್ತು. ಡಾಕ್ಟರು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಕಾರಿನ ಸೀಟಿನ ಮೇಲೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಹುಡುಗನಾಗಿದ್ದಾಗ ಅದೇ ಕಾರಿನ ಹಿಂದೆ ಧೂಳು ಕುಡಿಯುತ್ತ ಓಡಿದವನು ಇವನು. ಗುಜರಿಯ ಬೆಲೆಗೆ ಕೊಂಡು, ಟ್ರಾಕ್ಟರಿಗೆ ಕಟ್ಟಿ ಮನೆಗೆ ಎಳೆಸಿಕೊಂಡು ಬಂದ. ಊರು ನಕ್ಕಿತು. ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು’ ಎಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಹೆಂಡತಿಯ ತಮ್ಮ. ‘ಭಾವ, ಇದಕ್ಕೆ ಹುಲ್ಲು ಹಾಕ್ತೀರೋ, ಹಿಂಡಿನೋ?’ ಎಂದು ಕೇಳಿದ. ಆ ಮಾತು ಲೈನ್‌ಮ್ಯಾನನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ನಾಲ್ಕು ವರ್ಷ ದುಡಿದ. ಗ್ಯಾರೇಜಿಗೆ ಕೊಡುವಷ್ಟು ದುಡ್ಡಿರಲಿಲ್ಲ, ಎಲ್ಲ ಕೈಯಾರೆಯೇ ಆಗಬೇಕು. ರಜೆ ಬಂದರೆ ಬಸ್‌ಸ್ಟ್ಯಾಂಡಿನ ಹಿಂದಿನ ಮೆಕ್ಯಾನಿಕ್ಕುಗಳ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿ ಕಲಿತ. ತುಕ್ಕು ತಿಂದ ನೆಲಕ್ಕೆ ಹಳೆಯ ಬೀರುವಿನ ತಗಡು ಕತ್ತರಿಸಿ ಬೆಸೆದ. ಸೀಟಿಗೆ ತಾನೇ ರೆಕ್ಸಿನ್ ಹೊಲಿದ. ಬ್ರಶ್ಶಿನಿಂದ ಬಣ್ಣ ಬಳಿದು, ವಾಟರ್ ಪೇಪರಿನಿಂದ ಉಜ್ಜಿ, ಮತ್ತೆ ಬಳಿದು ಮತ್ತೆ ಉಜ್ಜಿದ. ಹೆಂಡತಿ ಒಂದು ದಿನವೂ ಗೊಣಗಲಿಲ್ಲ. ಸೀಮೆಎಣ್ಣೆಯಲ್ಲಿ ಅವಳೂ ಬೇರಿಂಗು ತೊಳೆದಳು, ಕೈ ಸಿಪ್ಪೆ ಸುಲಿದರೂ ತೊಳೆದಳು.

ಬಿಚ್ಚಿದ ನಟ್ಟು ಬೋಲ್ಟು ಕಳೆಯಬಾರದೆಂದು ಲೈನ್‌ಮ್ಯಾನ್ ಒಂದು ಕ್ರಮ ಇಟ್ಟುಕೊಂಡಿದ್ದ. ಒಂದೊಂದು ಭಾಗಕ್ಕೆ ಒಂದೊಂದು ಡಬ್ಬಿ, ಡಬ್ಬಿಗೊಂದು ಚೀಟಿ. ಎಂಜಿನ್ನು, ಬ್ರೇಕು, ಸ್ಟೇರಿಂಗು, ಬಾಗಿಲು. ಚೀಟಿ ಬರೆದವಳು ಅವನ ಎಂಟು ವರ್ಷದ ಮಗಳು. ಒಂದು ಭಾಗ ಕಟ್ಟಿ ಮುಗಿಸಿದರೆ ಅದರ ಡಬ್ಬಿ ಖಾಲಿಯಾಗಬೇಕು. ಅವನ ನಂಬಿಕೆಯೆಲ್ಲ ಆ ಖಾಲಿ ಡಬ್ಬಿಯ ಮೇಲೆ.

ಕಡೆಗೊಂದು ದಿನ ಕಾರು ಸಿದ್ಧವಾಯಿತು. ಶುಕ್ರವಾರ ಬೆಟ್ಟದ ದೇವಸ್ಥಾನದಲ್ಲಿ ಗಾಡಿ ಪೂಜೆ ಎಂದು ಹೆಂಡತಿ ನೆಂಟರಿಗೆಲ್ಲ ಹೇಳಿಬಿಟ್ಟಳು. ಹತ್ತೂವರೆಗೆ ರಾಹುಕಾಲ, ಅದರೊಳಗೆ ಪೂಜೆ ಮುಗಿಯಬೇಕು. ಲೈನ್‌ಮ್ಯಾನ್ ಹಿಂದಿನ ದಿನ ಸಂಜೆ ಬೆಳಕಿರುವಾಗಲೇ ಮುಗಿಸುವ ಅವಸರದಲ್ಲಿ ಸ್ಟೇರಿಂಗು ಕಟ್ಟಿ ಎದ್ದ. ಡಬ್ಬಿಯ ಕಡೆ ನೋಡಲಿಲ್ಲ. ಆಯುಷ್ಯದಲ್ಲಿ ಒಂದೇ ಒಂದು ಸಲ ನೋಡಲಿಲ್ಲ.

ಬೆಳಗ್ಗೆ ಎಲ್ಲರೂ ಹೊರಟು ನಿಂತಿದ್ದರು. ಹೆಂಡತಿ ರೇಷ್ಮೆ ಸೀರೆ ಉಟ್ಟು ಹಣ್ಣುಕಾಯಿಯ ಬುಟ್ಟಿ ಹಿಡಿದಿದ್ದಳು. ಮಗಳು ಆಗಲೇ ಮುಂದಿನ ಸೀಟಿನಲ್ಲಿ. ಭಾವಮೈದುನ ಬೈಕಿನಲ್ಲಿ ಬಂದಿದ್ದ, ಬೈಕಿನ ಹಿಂದೆ ಒಂದು ಹಗ್ಗದ ಸುರುಳಿ. ‘ದಾರೀಲಿ ಎಳೆಯೋಕೆ ಬೇಕಾಗುತ್ತಲ್ಲ ಭಾವ’ ಎಂದ. ಲೈನ್‌ಮ್ಯಾನ್ ನಕ್ಕು, ಡಬ್ಬಿಗಳನ್ನು ಎತ್ತಿಡಲು ಶೆಡ್ಡಿಗೆ ಹೋದ. ಎಂಜಿನ್ನಿನ ಡಬ್ಬಿ ಖಾಲಿ. ಬ್ರೇಕಿನ ಡಬ್ಬಿ ಖಾಲಿ. ಸ್ಟೇರಿಂಗಿನ ಡಬ್ಬಿ ಎತ್ತಿದ. ಒಳಗೆ ಏನೋ ಉರುಳಿತು.

ಒಂದು ನಟ್ಟು. ಹೆಬ್ಬೆರಳ ಉಗುರಿನಷ್ಟು ಅಗಲ.

ಓಡಿ ಬಂದು ಮುಂದಿನ ಚಕ್ರ ಹಿಡಿದು ಅಲ್ಲಾಡಿಸಿದ. ಗಟ್ಟಿಯಾಗಿತ್ತು. ಸ್ಟೇರಿಂಗು ಎಡಕ್ಕೆ ಬಲಕ್ಕೆ ತಿರುಗಿಸಿದ. ತಿರುಗಿತು. ಆದರೆ ಒಂದು ನಟ್ಟು ಇಲ್ಲದ ಸ್ಟೇರಿಂಗು ಅಂಗಳದಲ್ಲಿ ತಿರುಗುತ್ತದೆ, ಬೆಟ್ಟದ ತಿರುವಿನಲ್ಲಿ ತಿರುಗುತ್ತದೋ ಇಲ್ಲವೋ ಯಾರು ಬಲ್ಲರು? ಮತ್ತೆ ಬಿಚ್ಚಿ ನೋಡಬೇಕೆಂದರೆ ಅರ್ಧ ದಿನದ ಕೆಲಸ. ಪೂಜೆ ತಪ್ಪುತ್ತದೆ. ನೆಂಟರು ಬೆಟ್ಟದ ಮೇಲೆ ಕಾದು ಕೂರುತ್ತಾರೆ. ಎದುರಿಗೆ ಹಗ್ಗದ ಸುರುಳಿ ಹಿಡಿದು ನಿಂತವನು ಸಾಯುವವರೆಗೆ ಈ ಕತೆ ಹೇಳಿಕೊಂಡು ತಿರುಗುತ್ತಾನೆ.

‘ಏನಾಯ್ತು ರೀ?’ ಎಂದಳು ಹೆಂಡತಿ.

‘ಏನಿಲ್ಲ’ ಎಂದ. ನಟ್ಟು ಜೇಬಿಗಿಳಿಯಿತು. ಬಿಚ್ಚಿ ಕಟ್ಟಿದ ಗಾಡಿಯಲ್ಲಿ ಒಂದು ನಟ್ಟು ಉಳಿಯಲೇಬೇಕು, ಅದು ಮೆಕ್ಯಾನಿಕ್ಕಿನ ಪ್ರಸಾದ ಎಂದು ಬಸ್‌ಸ್ಟ್ಯಾಂಡಿನ ಹಿಂದಿನವರು ತಮಾಷೆ ಮಾಡುತ್ತಿದ್ದರು. ಈಗ ಆ ತಮಾಷೆಯನ್ನೇ ವೇದವಾಕ್ಯದಂತೆ ಮನಸ್ಸಿನಲ್ಲಿ ಹೇಳಿಕೊಂಡ. ಏನಾಗಲ್ಲ ಎಂದೂ ಹೇಳಿಕೊಂಡ. ಇಪ್ಪತ್ತು ವರ್ಷದಲ್ಲಿ ಆ ಮಾತನ್ನು ಅವನು ತನಗೆ ತಾನೇ ಹೇಳಿಕೊಂಡದ್ದು ಅದೇ ಮೊದಲು.

ಆದರೂ ಕರುಳು ಕೇಳಬೇಕಲ್ಲ. ಮಗಳ ಹತ್ತಿರ ಹೋಗಿ, ‘ನೀನು ಮಾವನ ಜೊತೆ ಬೈಕಲ್ಲಿ ಬಾ ಪುಟ್ಟಿ’ ಎಂದ. ಹುಡುಗಿಯ ಮುಖ ಸಪ್ಪಗಾಯಿತು. ‘ಚೀಟಿ ಎಲ್ಲ ನಾನೇ ಬರೆದಿದ್ದಲ್ವಾ ಅಪ್ಪ?’ ಎಂದಳು. ಹೆಂಡತಿಯೂ ಬಿಡಲಿಲ್ಲ. ‘ಮೊದಲನೇ ದಿನವೇ ಮಗೂನ ಯಾಕ್ರೀ ಅಳಿಸ್ತೀರಿ? ಕೂರಲಿ ಬಿಡಿ’ ಎಂದಳು. ನಾಲಗೆಯ ತುದಿಗೆ ಮಾತು ಬಂದಿತ್ತು. ಭಾವಮೈದುನ ನೋಡುತ್ತಿದ್ದ. ಲೈನ್‌ಮ್ಯಾನ್ ಮಾತು ನುಂಗಿದ. ಮಗಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ತಾಯಿಯ ಪಕ್ಕ ಕೂರಿಸಿ, ಬಾಗಿಲು ಹಾಕಿದ.

ಬೆಟ್ಟಕ್ಕೆ ಹನ್ನೊಂದು ತಿರುವು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಮೊಣಕಾಲೆತ್ತರದ ಕಟ್ಟೆ. ಹತ್ತುವಾಗ ಗಾಡಿ ನಿಧಾನ, ಹೇಗೋ ಹತ್ತಿತು. ಅರ್ಚಕರು ಚಕ್ರಕ್ಕೆ ನಿಂಬೆಹಣ್ಣು ಇಟ್ಟರು, ಸ್ಟೇರಿಂಗಿಗೆ ದಾರ ಕಟ್ಟಿದರು. ನೆಂಟರು ಕಾರನ್ನು ಮುಟ್ಟಿ ಮುಟ್ಟಿ ನೋಡಿದರು. ಭಾವಮೈದುನನೇ ‘ಪರವಾಗಿಲ್ಲ ಭಾವ, ಜಯಿಸಿಬಿಟ್ರಿ’ ಎಂದ. ಈ ಮಾತು ಕೇಳಲೆಂದೇ ನಾಲ್ಕು ವರ್ಷ ದುಡಿದವನು, ಕೇಳಿದಾಗ ಕಿವಿಗೆ ಬೀಳಲಿಲ್ಲ. ಕೈ ಜೇಬಿನಲ್ಲಿತ್ತು. ದೇವರ ಮುಂದೆ ನಿಂತು ಒಂದನ್ನೇ ಬೇಡಿದ: ಒಂದು ಸಲ ಕೆಳಗಿಳಿಸಿಬಿಡು.

ಇಳಿಯುವುದೇ ಕಷ್ಟ. ಗಾಡಿ ತಾನಾಗಿ ಓಡಲು ನೋಡುತ್ತದೆ, ಹಿಡಿದು ತಿರುಗಿಸಬೇಕು. ಮೊದಲನೆಯ ತಿರುವು ದಾಟಿದ. ಎರಡನೆಯದು ದಾಟಿದ. ಮೂರನೆಯದರಲ್ಲಿ ಹಿಂದಿನಿಂದ ‘ಟಕ್’ ಎಂದು ಸದ್ದಾಯಿತು. ಸ್ಟೇರಿಂಗನ್ನು ಇನ್ನೂ ಬಿಗಿಯಾಗಿ ಹಿಡಿದ. ನಾಲ್ಕನೆಯದರಲ್ಲೂ ಟಕ್. ಐದನೆಯದರಲ್ಲೂ ಟಕ್. ನಿಲ್ಲಿಸೋಣವೆಂದರೆ ಹಿಂದೆ ಬಸ್ಸು ಹಾರನ್ ಹೊಡೆಯುತ್ತಿತ್ತು. ಏಳನೆಯ ತಿರುವಿನಲ್ಲಿ ಎದುರಿಗೆ ಜಲ್ಲಿ ತುಂಬಿದ ಲಾರಿ ಬಂತು. ಕಟ್ಟೆಯ ಕಡೆಗೆ ಸ್ಟೇರಿಂಗು ಎಳೆದ. ಈಗ ಕಳಚುತ್ತದೆ, ಈಗ ಕಳಚುತ್ತದೆ ಎಂದುಕೊಂಡ. ಕಾರು ಕಟ್ಟೆಗೆ ಗೇಣಿನಷ್ಟು ದೂರದಲ್ಲಿ ಸಾಗಿ, ಲಾರಿಯನ್ನು ದಾಟಿ, ಮತ್ತೆ ರಸ್ತೆಯ ನಡುವೆ ಬಂತು. ಟಕ್ ಎಂದ ಸದ್ದು ಈ ಸಲ ಅವನ ಸೀಟಿನ ಕೆಳಗೇ ಬಂದು ನಿಂತಿತು. ಬಗ್ಗಿ ನೋಡಿದರೆ ಬುಟ್ಟಿಯಿಂದ ಉರುಳಿ ಬಿದ್ದ ತೆಂಗಿನಕಾಯಿ.

ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದ. ತಾಯಿ ಮಗಳು ಒಬ್ಬರಿಗೊಬ್ಬರು ಒರಗಿ ನಿದ್ದೆ ಹೋಗಿದ್ದರು.

ಮನೆ ಮುಂದೆ ಕಾರು ನಿಂತಾಗ ಹೆಂಡತಿ ಎಚ್ಚರಾಗಿ, ‘ಅಯ್ಯೋ, ಬಂದೇಬಿಟ್ವಾ? ಬಸ್ಸಲ್ಲಾಗಿದ್ರೆ ಆ ತಿರುವಿಗೆ ನನ್ನ ಜೀವ ಬಾಯಿಗೆ ಬರ್ತಿತ್ತು. ನೀವು ಕಟ್ಟಿದ ಗಾಡಿ ಅಂತ ಕಣ್ಣು ಮುಚ್ಚಿಬಿಟ್ಟೆ’ ಎಂದಳು. ಲೈನ್‌ಮ್ಯಾನ್ ಇಬ್ಬರನ್ನೂ ಇಳಿಸಿ ಕಾರನ್ನು ಶೆಡ್ಡಿಗೆ ಬಿಟ್ಟ.

ಆಮೇಲಿನ ಎಂಟು ದಿನ ಕಾರು ಶೆಡ್ಡು ಬಿಡಲಿಲ್ಲ. ಮಗಳು ಕರೆದರೆ ಪೆಟ್ರೋಲಿಲ್ಲ ಎಂದ. ಹೆಂಡತಿ ಕೇಳಿದರೆ ಮೈಗೆ ಹುಷಾರಿಲ್ಲ ಎಂದ. ಕೆಲಸ ಮುಗಿಸಿ ಬಂದವನೇ ಕಾರಿನ ಕೆಳಗೆ ತೂರುತ್ತಿದ್ದ. ಸ್ಟೇರಿಂಗು ಪೂರ್ತಿ ಬಿಚ್ಚಿದ. ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡಿದ. ಎಲ್ಲದಕ್ಕೂ ಅದರದರ ನಟ್ಟು ಇತ್ತು. ಎಲ್ಲಿಯೂ ಜಾಗ ಖಾಲಿಯಿಲ್ಲ. ಖಾಲಿ ಜಾಗ ಸಿಕ್ಕಿದ್ದರೆ ನೆಮ್ಮದಿಯಾಗುತ್ತಿತ್ತು. ಸಿಗದೆ ಹೋದದ್ದರಿಂದ ಭಯ ದೊಡ್ಡದಾಯಿತು. ಸ್ಟೇರಿಂಗಿನದಲ್ಲದಿದ್ದರೆ ಬ್ರೇಕಿನದೇ? ಅದನ್ನೂ ಬಿಚ್ಚಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಹೆಂಡತಿ ಶೆಡ್ಡಿಗೆ ಕಾಫಿ ತಂದರೂ ಬೆಚ್ಚಿ ಬೀಳುತ್ತಿದ್ದ.

ಒಂಬತ್ತನೆಯ ದಿನ ಹೆಂಡತಿ ಬಂದು ಹೇಳಿದಳು. ‘ಆ ಕಾರನ್ನ ಬಿಚ್ಚಿದ್ದು ಸಾಕು. ಒಳಗೆ ಕಬ್ಬಿಣದ ಮಂಚದ ಕಾಲು ಅಲ್ಲಾಡ್ತಿದೆ, ಒಂದು ನಟ್ಟು ಹಾಕಿಕೊಡಿ. ಪೂಜೆ ದಿನ ಬೆಳಗ್ಗೆ ಕಸ ಗುಡಿಸುವಾಗ ಮಂಚದ ಕೆಳಗೇ ಒಂದು ಸಿಕ್ಕಿತ್ತು. ಈ ಮನೇಲಿ ನೆಲದ ಮೇಲೆ ಸಿಗೋ ಕಬ್ಬಿಣ ಎಲ್ಲ ನಿಮ್ಮ ಕಾರಿಂದೇ ತಾನೆ? ಅದೂ ಕಾರಿಂದೇ ಅಂತ ಕೈಗೆ ಸಿಕ್ಕಿದ ಡಬ್ಬಿಗೆ ಹಾಕಿದೆ.’

ಲೈನ್‌ಮ್ಯಾನ್ ಒಳಗೆ ಹೋದ. ಮಂಚದ ಕಾಲಿನ ಹತ್ತಿರ ಕೂತು ಜೇಬಿನಿಂದ ನಟ್ಟು ತೆಗೆದು ಬೋಲ್ಟಿಗಿಟ್ಟು ತಿರುಗಿಸಿದ. ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಮಂಚ ಗಟ್ಟಿಯಾಯಿತು. ಹೋದ ಜೀವ ಬಂದಂತಾಗಿ ಅವನು ನೆಲದ ಮೇಲೆ ಕೂತಲ್ಲೇ ನಕ್ಕ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಹೆಂಡತಿ ಬಾಗಿಲಿಗೆ ಬಂದು ‘ಯಾಕ್ರೀ?’ ಎಂದಳು. ‘ಏನಿಲ್ಲ’ ಎಂದ. ಹೇಳಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರುಳಯ್ಯ ಉಸಿರು ಬಿಟ್ಟ. ಎರಡು ದಿನದಿಂದ ಬಿಗಿದಿದ್ದ ಅವನ ಮುಖ ಮೊದಲ ಸಲ ಸಡಿಲಾಯಿತು.

“ಸದ್ಯ ಬುದ್ಧೀ. ಹಾಗಾದರೆ ಕಾರಿನಲ್ಲಿ ಮೊದಲಿಂದಲೂ ಯಾವ ಕೊರತೆಯೂ ಇರಲಿಲ್ಲ. ಪಾಪ, ಆ ಮನುಷ್ಯ ವೃಥಾ ನರಳಿದ. ಅವನಿಂದ ತಪ್ಪೇ ನಡೆದಿರಲಿಲ್ಲವಲ್ಲ?”

ಗುರುಗಳು ಎದ್ದು ಶಲ್ಯ ಹೆಗಲಿಗೆ ಹಾಕಿಕೊಂಡರು.

“ಮಗಳನ್ನು ಕೂರಿಸಿ ಬಾಗಿಲು ಹಾಕುವಾಗ, ಅದು ಮಂಚದ ನಟ್ಟೆಂದು ಅವನಿಗೆ ಗೊತ್ತಿತ್ತೇನಯ್ಯಾ?”