ಬಿರುಕಿಗೆ ತುರುಕಿದ ಸೀರೆ

“ಗುರುಗಳೇ, ಯಾರನ್ನೂ ನಂಬದೆ ಇದ್ದುದರಿಂದಲೇ ನಾನು ಉಳಿದುಕೊಂಡೆ. ಈಗ ಅದನ್ನು ಬಿಡು ಎಂದು ಏಕೆ ಹೇಳುತ್ತೀರಿ?” ಎಂದು ಶಿಷ್ಯನೊಬ್ಬ ಕೇಳಿದ.

ಅವನು ಒಡಹುಟ್ಟಿದವರಿಂದಲೇ ಮೋಸಹೋಗಿ, ಊರು ಬಿಟ್ಟು ಆಶ್ರಮಕ್ಕೆ ಬಂದವನು. ಯಾರ ಜೊತೆಗೂ ಕೂತು ಉಣ್ಣುತ್ತಿರಲಿಲ್ಲ. ಜ್ವರ ಬಂದು ಮಲಗಿದಾಗಲೂ ಇನ್ನೊಬ್ಬರು ತಂದ ನೀರು ಮುಟ್ಟಿರಲಿಲ್ಲ.

ಗುರುಗಳು ಹೇಳಿದರು:

ಒಬ್ಬ ನಾವಿಕನಿದ್ದ. ಅವನೂ ಅವನ ಹೆಂಡತಿಯೂ ಹಾಯಿದೋಣಿಯಲ್ಲಿ ಬಂದರಿನಿಂದ ಬಂದರಿಗೆ ಹೋಗುತ್ತಿದ್ದರು. ದೋಣಿಯೇ ಅವರ ಮನೆ. ಒಮ್ಮೆ ನಡುಗಡಲಿನಲ್ಲಿ ಬಿರುಗಾಳಿ ಎದ್ದಿತು. ಹಾಯಿ ಹರಿಯಿತು. ಎರಡನೆಯ ದಿನ ಪಕ್ಕದ ಹಲಗೆಯೊಂದು ಬಿರಿದು ನೀರು ನುಗ್ಗಿತು. ನಾವಿಕ ಚುಕ್ಕಾಣಿ ಬಿಟ್ಟು ಬರುವಂತಿರಲಿಲ್ಲ. ಹೆಂಡತಿ ಪೆಟ್ಟಿಗೆಗೆ ಕೈಹಾಕಿದಳು. ಸಿಕ್ಕಿದ್ದು ಅವಳ ಧಾರೆಸೀರೆ. ಅದನ್ನೇ ಬಿರುಕಿಗೆ ತುರುಕಿದಳು. ನೀರು ಪೂರ್ತಿ ನಿಲ್ಲಲಿಲ್ಲ. ಮೊಗೆದು ಹಾಕಬಹುದಾದಷ್ಟಕ್ಕೆ ಇಳಿಯಿತು. ಗಾಳಿ ತಗ್ಗುವವರೆಗೆ ಅವಳು ಮೊಗೆಯುತ್ತಲೇ ಇದ್ದಳು.

ಹೇಗೋ ಬಂದರು ಸೇರಿದರು. ದೋಣಿಯನ್ನು ದಡಕ್ಕೆಳೆದು ನಾವಿಕ ದುರಸ್ತಿಗೆ ತೊಡಗಿದ. ಹಾಯಿ ಹೊಲಿದ. ಹಗ್ಗಗಳನ್ನು ಬದಲಿಸಿದ. ಚುಕ್ಕಾಣಿ ಬಿಗಿಮಾಡಿದ. ಬಿರುಕಿನ ಬಳಿಗೆ ಮಾತ್ರ ಬಂದರಿನ ಮರಗೆಲಸದ ಆಚಾರಿಯನ್ನು ಬಿಡಲಿಲ್ಲ.

ಆಚಾರಿ ಹೇಳಿದ: “ಬಟ್ಟೆ ತೆಗೆದು ಹೊಸ ಹಲಗೆ ಕೂರಿಸಬೇಕಪ್ಪ. ಅದು ಒಳಗೆ ನೀರು ಹಿಡಿದಿಟ್ಟರೆ ಮರ ಕೊಳೆಯುತ್ತದೆ.”

“ನಮ್ಮ ಜೀವ ಉಳಿಸಿದ್ದೇ ಅದು. ನಿನ್ನಂಥವರು ಕೂರಿಸಿದ ಹಲಗೆ ಬಿರಿದಾಗ ನಿಂತದ್ದು ಅದು. ಕೈ ಹಚ್ಚಬೇಡ” ಎಂದ ನಾವಿಕ. ಸೀರೆಯ ಮೇಲೆ ರಾಳ ಬಳಿದ. ಒಳಬದಿಯಲ್ಲಿ ಕಾಣುತ್ತಿದ್ದ ಸೆರಗಿಗೆ ಅರಿಸಿನ ಕುಂಕುಮ ಹಚ್ಚಿದ. ದಿನವೂ ಕಡಲಿಗೆ ಕೈಮುಗಿಯುವ ಮೊದಲು ಅದಕ್ಕೆ ಕೈಮುಗಿದ.

ದೋಣಿಯನ್ನು ಮತ್ತೆ ನೀರಿಗಿಳಿಸಿದರು. ಮಳೆಗಾಲ ಮುಗಿಯುವವರೆಗೆ ಬಂದರಿನಲ್ಲೇ ಕಾದರು. ಹೊರಡುವ ದಿನ ಬೆಳಿಗ್ಗೆ ನೀರಿಳಿತವಿತ್ತು. ದೋಣಿ ಕೆಸರಿನ ಮೇಲೆ ಕೂತಿತ್ತು. ಹೆಂಡತಿ ಸಾಮಾನು ಜೋಡಿಸುತ್ತಿದ್ದವಳು ಆಯತಪ್ಪಿ ಸೀರೆಯ ಪಕ್ಕದ ಹಲಗೆಗೆ ಕೈಯೂರಿದಳು. ಬೆರಳುಗಳು ಮರದೊಳಗೆ ಹೋದವು.

ಅವಳು ಎರಡೂ ಕೈಯಲ್ಲಿ ಸೀರೆ ಹಿಡಿದು ಎಳೆದಳು. ಅದರೊಂದಿಗೆ ಕೊಳೆತ ಮರವೂ ಹಿಂಡಿಯಂತೆ ಕಳಚಿ ಬಂತು. ತಲೆ ತೂರುವಷ್ಟು ಕಿಂಡಿಯಾಯಿತು.

ನಾವಿಕ ಓಡಿಬಂದ. “ಏನು ಮಾಡಿದೆ? ಅದಿಲ್ಲದಿದ್ದರೆ ನಾವು ಅಂದೇ ಹೋಗುತ್ತಿದ್ದೆವು!”

“ಹೌದು, ಅದಕ್ಕೇ ತುರುಕಿದ್ದು” ಎಂದಳು ಅವಳು. “ಅಂದು ನನ್ನ ಕೈಗೆ ಬೇರೇನೂ ಸಿಗಲಿಲ್ಲ. ಇಂದು ದಡದಲ್ಲಿ ಆಚಾರಿ ಇದ್ದಾನೆ, ಮರವಿದೆ, ಹಗಲಿದೆ. ಇನ್ನೂ ಸೀರೆಯನ್ನೇ ನಂಬಿ ಹೊರಡುತ್ತೀರಾ?”

ನಾವಿಕ ಕೆಸರಿಗಿಳಿದ. ಹೊರಗಿನಿಂದ ಆ ಕಿಂಡಿಯಲ್ಲಿ ನೋಡಿದ. ಒಳಗೆ ಹೆಂಡತಿಯ ಪಾದಗಳು ಕಂಡವು. ತಾನೇ ಆಚಾರಿಯ ಮನೆಗೆ ಹೋದ.

ಆಚಾರಿ ಮೂರು ಮೊಳ ಮರ ಕತ್ತರಿಸಿ ತೆಗೆದ. ಒಳ್ಳೆಯ ಮರ ಸಿಕ್ಕುವವರೆಗೂ ಕತ್ತರಿಸಿದ. ಹೊಸ ಹಲಗೆ ಕೂರಿಸಿ, ಸಂದಿಗೆ ಹತ್ತಿ ತುಂಬಿ, ರಾಳ ಹುಯ್ದ. ಒಂದು ವಾರ ತಡವಾಗಿ ಅವರು ಹೊರಟರು.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯ, “ಆದರೂ ಗುರುಗಳೇ, ಬಿರುಗಾಳಿಯ ಹೊತ್ತಿನಲ್ಲಿ ಆ ಸೀರೆಯನ್ನು ಕಿತ್ತಿದ್ದರೆ ಇಬ್ಬರೂ ಮುಳುಗುತ್ತಿದ್ದರಲ್ಲವೇ?” ಎಂದ.

“ಮುಳುಗುತ್ತಿದ್ದರು” ಎಂದರು ಗುರುಗಳು. “ನೀನು ಈ ಬಂದರು ಸೇರಿ ಎಷ್ಟು ವರ್ಷವಾಯಿತು?”